ಚಗಳಿ ಸಾಕಿದವಳು

ಬೂತಾಯಿ ಮೀನು ತಂದ ದಿನ ಅದರ ತಲೆ, ಕಿವಿರು, ಕರುಳು ಯಾವುದೂ ಅಮ್ಮಣಿಯ ಮನೆಯ ಬೆಕ್ಕಿಗೆ ಸಿಗುತ್ತಿರಲಿಲ್ಲ. ಅದನ್ನೆಲ್ಲ ಅವಳು ಬಾಳೆಲೆಯಲ್ಲಿ ಸುತ್ತಿ ಅಂಗಳದ ಮೂಲೆಯ ಕಾಟುಮಾವಿನ ಮರದ ಹತ್ತಿರ ಒಯ್ದು ಕಾಂಡದ ಗಂಟೊಂದರ ಮೇಲೆ ಇಟ್ಟು ಬರುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲೇ ಮೇಲಿನಿಂದ ಚಗಳಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಎಲೆಗೆ ಎಲೆ ಹೊಲಿದು ಗೂಡು ಕಟ್ಟುವ, ಕಚ್ಚಿದ ಗಾಯಕ್ಕೆ ಹುಳಿ ಬಿಟ್ಟು ಉರಿಸುವ ಕೆಂಪು ಇರುವೆಗಳು. ಬೇಸಗೆಯಲ್ಲಿ ತೆಂಗಿನ ಗೆರಟೆಯಲ್ಲಿ ಬೆಲ್ಲದ ನೀರನ್ನೂ ಇಡುತ್ತಿದ್ದಳು. ಮಾವಿನಿಂದ ಪಕ್ಕದ ಗೇರುಮರಕ್ಕೆ ಹುರಿಹಗ್ಗ ಕಟ್ಟಿ ಅವುಗಳ ಸಂಸಾರ ಹಬ್ಬಲು ದಾರಿಯನ್ನೂ ಮಾಡಿಕೊಟ್ಟಿದ್ದಳು.

ಕಾಲನಿಯವರು ಯಾರಾದರೂ ಕೇಳಿದರೆ, “ಮಾವಿನಮಿಡಿಗೆ ಹುಳ ಬೀಳುವುದಿಲ್ಲ” ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಅವಳು ಅವುಗಳನ್ನು ಮಾವಿನಮಿಡಿಗಾಗಿ ಸಾಕುತ್ತಿರಲಿಲ್ಲ. ವಿಘ್ನೇಶನಿಗಾಗಿ ಸಾಕುತ್ತಿದ್ದಳು.

ಅಮ್ಮಣಿಯ ಗಂಡ ಕಿಟ್ಟಣ್ಣ ಮರ ಹತ್ತುವುದರಲ್ಲಿ ಕಾಸರಗೋಡು ಕಡೆಯ ಎಣ್ಮಕಜೆಯ ಸುತ್ತಮುತ್ತ ಹೆಸರಾಗಿದ್ದವನು. ಅಡಿಕೆ, ತೆಂಗು, ಕಾಳುಮೆಣಸು, ಹೆಜ್ಜೇನು, ಯಾವುದಕ್ಕಾದರೂ ಜನ ಅವನನ್ನೇ ಕರೆಯುತ್ತಿದ್ದರು. ಶೇಂದಿ ಇಳಿಸುವವರ ಜೊತೆ ಮರದಿಂದ ಮರಕ್ಕೆ ಹೋಗಿ ಮಡಕೆ ಇಳಿಸಿಕೊಡುತ್ತಿದ್ದರೂ ಒಂದು ಹನಿಯನ್ನೂ ಬಾಯಿಗೆ ಇಟ್ಟವನಲ್ಲ. ಕುಡಿದೇ ಸತ್ತ ಅಪ್ಪನನ್ನು ಕಂಡವನು. “ಮೇಲೆ ಹೋಗುವವನಿಗೆ ತಲೆ ನೆಟ್ಟಗಿರಬೇಕು” ಎನ್ನುತ್ತಿದ್ದ.

ವಿಘ್ನೇಶ ಮುಳ್ಳೇರಿಯ ಪೇಟೆಯಿಂದ ಸ್ವಲ್ಪ ಒಳಗೆ ನರ್ಸರಿ ಇಟ್ಟಿದ್ದ. ರಸ್ತೆಗೆ ಕಾಣುವ ಹಾಗೆ ಕಸಿ ಗೇರು, ಕಾಳುಮೆಣಸಿನ ಬಳ್ಳಿ. ಹಿಂದೆ ಹಸಿರು ನೆಟ್ಟಿನ ಅಡಿಯಲ್ಲಿ ಕಾಡಿನ ಆರ್ಕಿಡ್‌ಗಳು. ಊರಿನವರು ಅವಕ್ಕೆ ಮರಬಾಳೆ ಎನ್ನುತ್ತಾರೆ. ಮರದ ಕವಲಿನಲ್ಲಿ ಕೂತು, ದಪ್ಪ ಎಲೆ ಬಿಟ್ಟು, ಬೇಸಗೆಯಲ್ಲಿ ಹಳದಿ ಅಂಚಿನ ಕಡುಗೆಂಪು ಹೂಗಳ ಮಾಲೆಯನ್ನು ಕೆಳಕ್ಕೆ ಇಳಿಬಿಡುವ ಗಿಡ. ರಿಸಾರ್ಟಿನವರಿಗೆ, ಹೊಸ ಬಂಗ್ಲೆ ಕಟ್ಟಿದವರಿಗೆ ಅದು ಬೇಕು. ಕಾಡಿನಿಂದ ತೆಗೆಯುವ ಹಾಗಿಲ್ಲ, ಆದರೆ ವಿಘ್ನೇಶ ತೆಗೆಸುತ್ತಿದ್ದ. ತೆಗೆದುಕೊಡುತ್ತಿದ್ದವನು ಕಿಟ್ಟಣ್ಣ.

ವರ್ಷಗಳ ಹಿಂದೆ, ಬಿಸು ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಕಾಡಿಗೆ ಹೋದರು. ಯಾವುದೋ ರಿಸಾರ್ಟು ತೆರೆಯುವುದಿತ್ತು. ಮೊಗ್ಗು ಇರುವ ಮರಬಾಳೆಯೇ ಬೇಕು, ಅಲ್ಲಿ ಹೋಗಿ ಅರಳಬೇಕು ಎಂದು ಅವರು ಹೇಳಿದ್ದರಂತೆ. ಕಿಟ್ಟಣ್ಣ ಮರದ ಬುಡದಲ್ಲಿ ನಿಂತು ಮೇಲೆ ನೋಡಿದ.

“ವಿಘ್ನೇಶಣ್ಣ, ಈಗ ಬೇಡ. ಮೊಗ್ಗಿನ ಬುಡದಲ್ಲಿ ಜೇನಿನ ಹಾಗೆ ಒಸರ್ತಾ ಉಂಟು. ಅದನ್ನು ಕುಡಿಯಲಿಕ್ಕೆ ಚಗಳಿ ಬಂದು ಕೂತಿದ್ದಾವೆ. ಈಗ ಕೈ ಹಾಕಿದರೆ ಬಿಡುವುದಿಲ್ಲ. ಹೂ ಉದುರಲಿ, ಆಮೇಲೆ ತೆಗೆದುಕೊಡ್ತೇನೆ.”

“ಹೂ ಉದುರಿದ ಮೇಲೆ ಅದು ಯಾರಿಗೆ ಬೇಕು ಮಾರಾಯ? ಹೆಜ್ಜೇನು ತೆಗೆಯುವ ಜನ ಇರುವೆಗೆ ಹೆದರುವುದಾ? ಆಗದಿದ್ದರೆ ಹೇಳು, ಬೇರೆ ಜನ ನೋಡ್ತೇನೆ.”

ಕಿಟ್ಟಣ್ಣ ಹತ್ತಿದ. ಬುಡಕ್ಕೆ ಕತ್ತಿ ಹಾಕಿ ಒಂದು ತುಂಡನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಕಟ್ಟಿಕೊಂಡಾಗಲೇ ಚಗಳಿಗಳು ಕೈಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಏರಿದ್ದವು. ಎರಡನೆಯ ತುಂಡಿಗೆ ಕೈ ಚಾಚಿದ. ಒಂದು ಇರುವೆ ಕಣ್ಣಿನೊಳಗೇ ಕಚ್ಚಿತು. ಕಣ್ಣಿಗೆ ಹೋದ ಕೈ ಮತ್ತೆ ಕೊಂಬೆಗೆ ಸಿಗಲಿಲ್ಲ. ಕೆಳಗೆ ಪಾರೆಕಲ್ಲಿತ್ತು.

ವಿಘ್ನೇಶ ರಸ್ತೆಗೆ ಓಡಿ ಬಂದು ಕಾಲನಿಗೆ ಫೋನು ಮಾಡಿದ. “ನಿಮ್ಮ ಕಿಟ್ಟಣ್ಣ ಬಿದ್ದಿದ್ದಾನೆ, ಬಂದು ನೋಡಿ” ಎಂದು ಜಾಗ ಹೇಳಿದ. ಜನ ಅಲ್ಲಿಗೆ ಮುಟ್ಟುವಾಗ ಅವನೂ ಇರಲಿಲ್ಲ, ಅವನ ಪಿಕಪ್ಪೂ ಇರಲಿಲ್ಲ.

ಆಸ್ಪತ್ರೆಗೆ ಅವನು ಮರುದಿನ ಬಂದ, ಮೂಸಂಬಿ ಹಿಡಿದುಕೊಂಡು. ಕಿಟ್ಟಣ್ಣನಿಗೆ ಇನ್ನೂ ಸರಿಯಾಗಿ ಎಚ್ಚರವಿರಲಿಲ್ಲ. ವಿಘ್ನೇಶ ಅಮ್ಮಣಿಯನ್ನು ವರಾಂಡಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ:

“ನೋಡು ಅಮ್ಮಣಿ, ಮರಬಾಳೆಯ ಸುದ್ದಿ ಎತ್ತಿದರೆ ಫಾರೆಸ್ಟಿನವರು ಮೊದಲು ಕೇಸು ಹಾಕುವುದು ಹತ್ತಿದವನ ಮೇಲೆ. ಕುಡಿದು ಚಟ್ನಿಗೆ ಚಗಳಿ ಮೊಟ್ಟೆ ತೆಗೆಯಲಿಕ್ಕೆ ಹತ್ತಿದ ಎಂದರೆ ಯಾರಿಗೂ ತೊಂದರೆ ಇಲ್ಲ. ಪೊಲೀಸರಿಗೆ ನಾನು ಹಾಗೆಯೇ ಹೇಳಿ ಆಯ್ತು. ನಿಮ್ಮ ಒಳ್ಳೆಯದಕ್ಕೇ.”

“ಅವರು ಕುಡಿಯುವವರಲ್ಲ.”

“ನನಗೆ ಗೊತ್ತಿಲ್ಲವಾ? ಆದರೆ ಬಿದ್ದವನ ಮರ್ಯಾದೆ ನೋಡ್ತಾ ಕೂತರೆ ಆಗ್ತದಾ?”

ಒಳಗೆ ಗಂಡ ಸಾಯುತ್ತಾನೋ ಬದುಕುತ್ತಾನೋ ತಿಳಿಯದ ಹೊತ್ತು ಅದು. ಕೇಸು ಎಂಬ ಶಬ್ದ ಕೇಳಿದ ಮೇಲೆ ಅಮ್ಮಣಿ ವಾದಕ್ಕೆ ನಿಲ್ಲದೆ ಗಂಡನ ಹತ್ತಿರ ಹೋದಳು.

ಕಿಟ್ಟಣ್ಣ ಬದುಕಿದ. ಸೊಂಟದಿಂದ ಕೆಳಗೆ ಮಾತ್ರ ಜೀವ ಬರಲಿಲ್ಲ. ಜಗಲಿಯ ಮೇಲೆ ಮಂಚ ಹಾಕಿ ಮಲಗಿಸಿದರು. ಮಾತು ಮರಳಿದ ಮೇಲೆ ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ, ಆದರೆ ಅಷ್ಟರಲ್ಲಿ ವಿಘ್ನೇಶನ ಕಥೆ ಊರೆಲ್ಲ ತಿರುಗಿ ಬಂದಿತ್ತು. ಕೇಳಿದವರು ಹೂಂ ಎಂದು ಎದ್ದು ಹೋದರು. ಕುಡಿದವನು ತೂರಾಡಿದರೆ “ಹೋ, ಕಿಟ್ಟಣ್ಣನ ಹಾಗೆ ಬೀಳಬೇಡ” ಎನ್ನುವುದು ಊರಿನಲ್ಲಿ ರೂಢಿಯೇ ಆಯಿತು. ರೇಷನ್ ಅಂಗಡಿಯ ಮುಂದೆ ನಿಂತಿದ್ದಾಗ ಅಮ್ಮಣಿ ಆ ಮಾತನ್ನು ಸ್ವಂತ ಕಿವಿಯಿಂದ ಕೇಳಿದಳು. ಹೇಳಿದವನಿಗೆ ಅವಳು ಹಿಂದೆ ನಿಂತದ್ದು ಗೊತ್ತಿರಲಿಲ್ಲ. ಅವಳು ಅಕ್ಕಿ ತೆಗೆದುಕೊಳ್ಳದೆ ಮನೆಗೆ ಬಂದಳು. ಗಂಡನ ಕಾಲು ಹೋದದ್ದಕ್ಕೆ ಅಳು ಬಂದಿತ್ತು. ಈ ಮಾತಿಗೆ ಅಳು ಬರಲಿಲ್ಲ.

ಕಾಡಿನಿಂದ ಕಿಟ್ಟಣ್ಣನನ್ನು ಹೊತ್ತು ತಂದವರು ಅವನ ಬೈರಾಸನ್ನೂ ತಂದಿದ್ದರು. ಅದರೊಳಗೆ ಮರಬಾಳೆಯ ಆ ತುಂಡು ಹಾಗೆಯೇ ಇತ್ತು. ಅಮ್ಮಣಿ ಅದನ್ನು ಒಲೆಗೆ ಹಾಕಲು ಹೊರಟಾಗ ಕಿಟ್ಟಣ್ಣನೇ ತಡೆದಿದ್ದ. “ಅದು ಎಂತ ಮಾಡಿತು ಪಾಪ? ಮರಕ್ಕೆ ಕಟ್ಟು, ಬದುಕಿದರೆ ಬದುಕಲಿ.” ಅವಳು ಅದನ್ನು ಕಾಟುಮಾವಿನ ಕವಲಿಗೆ ತೆಂಗಿನ ನಾರಿನಿಂದ ಕಟ್ಟಿದ್ದಳು.

ಮೊದಲ ಹೂಮಾಲೆಗೆ ಕೆಲವು ಮಳೆಗಾಲ ಕಾಯಬೇಕಾಯಿತು. ಆ ಬೇಸಗೆಯಲ್ಲಿ ಅಮ್ಮಣಿ ಮರದಡಿ ನಿಂತು ನೋಡಿದಳು. ಮೊಗ್ಗುಗಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ಸಿಹಿಯ ಹನಿಗಳು. ಪ್ರತಿ ಹನಿಗೂ ಒಂದೊಂದು ಚಗಳಿ ಬಾಯಿ ಇಟ್ಟು ನಿಂತಿತ್ತು. ಒಂದು ಕಂಬಳಿಹುಳ ಎಲೆಯ ಮೇಲಿಂದ ಮೊಗ್ಗಿನ ಕಡೆ ಹರಿದು ಬಂತು. ಚಗಳಿಗಳು ಅದರ ಮೈಯನ್ನು ನಾಲ್ಕೂ ಕಡೆಯಿಂದ ಕಚ್ಚಿ ಹಿಡಿದು ಎಳೆದವು. ಹುಳ ತಿರುಚಿತು, ಮುದುಡಿತು. ಅವು ಬಿಡಲಿಲ್ಲ. ಕೊನೆಗೆ ಅದನ್ನು ಗೂಡಿನೊಳಗೆ ಎಳೆದುಕೊಂಡು ಹೋದವು.

“ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಹುಳದ ಮದ್ದು ಬಿಡುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಚಗಳಿಯನ್ನೇ ಕಂಡದ್ದಿಲ್ಲ,” ಎಂದ ಜಗಲಿಯಿಂದ ಕಿಟ್ಟಣ್ಣ. “ಈಗ ನೋಡು. ಮರಬಾಳೆ ಅವಕ್ಕೆ ಉಣ್ಣಲಿಕ್ಕೆ ಕೊಡ್ತದೆ, ಅವು ಅದನ್ನು ಕಾಯ್ತವೆ. ಚಂದ ಅಲ್ಲವಾ?”

ಅಮ್ಮಣಿಗೆ ಚಂದ ಕಾಣಲಿಲ್ಲ. ಆ ಹುಳದ ಜಾಗದಲ್ಲಿ ಅವಳಿಗೆ ಒಂದು ಮುಖ ಕಂಡಿತ್ತು. ಮೀನಿನ ತಲೆ ಒಯ್ದು ಇಡಲು ಸುರು ಮಾಡಿದ್ದು ಆ ವಾರ.

ವರ್ಷದಿಂದ ವರ್ಷಕ್ಕೆ ಚಗಳಿ ಗೂಡುಗಳು ಮರದ ತುಂಬ ಆದವು. ಕಾವಲು ಹೆಚ್ಚಿದ ಹಾಗೆ ಮರಬಾಳೆಯೂ ಕೊಬ್ಬಿತು. ಒಂದು ಮೊಗ್ಗನ್ನೂ ಹುಳ ಮುಟ್ಟಲಿಲ್ಲ. ಕವಲಿನ ಸುತ್ತ ಬೇರು ಹೆಣೆದು, ಬುಟ್ಟಿಯಷ್ಟು ದೊಡ್ಡದಾಗಿ, ಹೂಬಿಟ್ಟಾಗ ಮಾಲೆಗಳು ಅಂಗಳದ ಕಡೆ ತೂಗಾಡುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅಷ್ಟು ಚಂದದ ಮರಬಾಳೆ ಕಾಡಿನಲ್ಲೂ ಇಲ್ಲ ಎನ್ನುತ್ತಿದ್ದರು. ಮರದ ಬುಡದಲ್ಲಿ ಮನೆ ಕಟ್ಟಿ ಉಳಿದ ಕೆಂಪುಕಲ್ಲುಗಳ ರಾಶಿಯಿತ್ತು. ಅದನ್ನು ಬದಿಗೆ ಹಾಕೋಣ ಎಂದು ಮಗಳು ಎಷ್ಟೋ ಸಲ ಹೇಳಿದರೂ ಅಮ್ಮಣಿ ಒಪ್ಪಲಿಲ್ಲ.

ಮಗಳು ರಶ್ಮಿತಾ ಮುಳ್ಳೇರಿಯ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಿದ್ದಳು. ಅಪ್ಪ ಬಿದ್ದಾಗ ಕಾಲೇಜಿನಲ್ಲಿದ್ದವಳು. ಓದು ಬಿಟ್ಟು ಮನೆಗೆ ಆಸರೆಯಾಗಿ ನಿಂತಳು. ಹೆಚ್ಚು ಮಾತಿನವಳಲ್ಲ, ಆದರೆ ಹೇಳಬೇಕಾದ್ದನ್ನು ನುಂಗುವವಳೂ ಅಲ್ಲ. ಎರಡು ಕಡೆಯಿಂದ ಬಂದ ಸಂಬಂಧ “ಅಪ್ಪ ಕುಡುಕನಂತೆ” ಎಂದು ಮುರಿದಿತ್ತು. ಅವಳು ನಕ್ಕು ಬಿಟ್ಟಿದ್ದಳು. ಅಮ್ಮಣಿ ಬಿಟ್ಟಿರಲಿಲ್ಲ.

ಈ ವರ್ಷ ಬಿಸುವಿನ ಹೊತ್ತಿಗೆ ಮರಬಾಳೆ ಹಿಂದೆಂದೂ ಬಿಡದಷ್ಟು ಮೊಗ್ಗು ಬಿಟ್ಟಿತು. ಅಮ್ಮಣಿ ಮಗಳನ್ನು ಕರೆದು ಹೇಳಿದಳು:

“ಇದರ ಫೋಟೋ ತೆಗೆದು ನಿನ್ನ ಮೊಬೈಲಿನಲ್ಲಿ ಹಾಕು. ಎಲ್ಲರೂ ನೋಡಲಿ.”

“ನಿನಗೆ ಎಂತ ಇದ್ದಕ್ಕಿದ್ದ ಹಾಗೆ ಸ್ಟೇಟಸ್ಸಿನ ಮರ್ಲು?” ಎಂದು ರಶ್ಮಿತಾ ನಕ್ಕಳು. ಆದರೂ ಹಾಕಿದಳು. ಆಟೋದವರ ಗ್ರೂಪಿನಿಂದ ಅದು ಎಲ್ಲೆಲ್ಲಿಗೋ ಹೋಯಿತು. ಮೂರನೆಯ ದಿನ ವಿಘ್ನೇಶನ ಫೋನು ಬಂತು. ರಶ್ಮಿತಾ ಅವನ ಹೆಸರು ಕೇಳಿದ್ದೇ ಫೋನು ಇಡಲು ಹೋದಳು. ಅಮ್ಮಣಿ ಅವಳ ಕೈಯಿಂದ ಫೋನು ತೆಗೆದುಕೊಂಡಳು.

“ಅಮ್ಮಣಿ, ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆ ಗಿಡ ನನಗೆ ಕೊಡು. ದೊಡ್ಡ ಪಾರ್ಟಿ ಬಂದಿದ್ದಾರೆ, ನಾಳೆಯೇ ಬೇಕು.”

“ಬಂದು ತೆಗೆದುಕೊಂಡು ಹೋಗಿ ವಿಘ್ನೇಶಣ್ಣ. ನಮಗೂ ಅದನ್ನು ನೋಡಿ ನೋಡಿ ಸಾಕಾಗಿದೆ.”

ಫೋನು ಇಟ್ಟ ಮೇಲೆ ರಶ್ಮಿತಾ ತಾಯಿಯ ಮುಖವನ್ನೇ ನೋಡಿದಳು. “ಅವನಿಗೆ ಯಾಕೆ ಕೊಡುವುದು?”

“ಕೊಡುವುದಿಲ್ಲ,” ಎಂದಳು ಅಮ್ಮಣಿ, ಅಷ್ಟೇ.

ಮರುದಿನ ಬೆಳಿಗ್ಗೆ ಪಿಕಪ್ಪು ಅಂಗಳದ ಮುಂದೆ ನಿಂತಿತು. ವಿಘ್ನೇಶ ಇಳಿದ. ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ ಹಚ್ಚಿದ್ದ. ಜಗಲಿಯ ಮೇಲೆ ಮಲಗಿದ್ದ ಕಿಟ್ಟಣ್ಣನ ಕಡೆ ಕೈ ಎತ್ತಿ, “ಹೇಗಿದ್ದೀ ಕಿಟ್ಟಣ್ಣ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಮರದ ಹತ್ತಿರ ನಡೆದ. ಹಿಂದಿನಿಂದ ಇನ್ನೊಬ್ಬ ಗಂಡಸು ಏಣಿ ಹೊತ್ತು ಇಳಿದ.

ಅಮ್ಮಣಿ ಅಂಗಳಕ್ಕೆ ಇಳಿದಳು. ಇಷ್ಟು ವರ್ಷ ಅವಳು ಕಂಡ ಚಿತ್ರದಲ್ಲಿ ಮರದ ಮೇಲೆ ಇದ್ದವನು ವಿಘ್ನೇಶ ಒಬ್ಬನೇ. ಅವನು ಯಾವತ್ತೂ ತಾನು ಹತ್ತುವವನಲ್ಲ, ಹತ್ತಿಸುವವನು ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

“ನಿನ್ನ ಹೆಸರೆಂತ?” ಎಂದು ಏಣಿಯವನನ್ನು ಕೇಳಿದಳು.

“ವಿಜೇತ್. ಅಡಿಕೆಗೆ ಮದ್ದು ಬಿಡಲಿಕ್ಕೆ ಹೋಗುವವ ಅಕ್ಕ.”

“ಮನೆಯಲ್ಲಿ ಯಾರಿದ್ದಾರೆ?”

“ಹೆಂಡತಿ, ಇಬ್ಬರು ಮಕ್ಕಳು. ಯಾಕೆ?”

ಅಮ್ಮಣಿ ಅವನ ರಟ್ಟೆ ಹಿಡಿದು ಜಗಲಿಯ ಹತ್ತಿರ ಎಳೆದುಕೊಂಡು ಹೋದಳು. ಕಿಟ್ಟಣ್ಣನ ಹೊದಿಕೆಯನ್ನು ಸರಿಸಿ ಕೋಲಿನಂತಾದ ಕಾಲುಗಳನ್ನು ತೋರಿಸಿದಳು. “ನೋಡು. ಇವರು ಈ ಜಾತಿಯ ಗಿಡಕ್ಕೇ ಹತ್ತಿದ್ದು, ಇವನೇ ಹತ್ತಿಸಿದ್ದು. ಬಿದ್ದ ಮೇಲೆ ಕುಡಿದಿದ್ದ ಎಂದು ಊರಿಗೆಲ್ಲ ಹೇಳಿದ. ಮೇಲೆ ಚಗಳಿ ಹೇಗೆ ತುಂಬಿದೆ ಎಂದು ಕಣ್ಣು ಬಿಟ್ಟು ನೋಡು. ಆಮೇಲೆ ಬೇಕಾದರೆ ಹತ್ತು.”

ವಿಜೇತ್ ಮರ ನೋಡಿದ, ಕಿಟ್ಟಣ್ಣನನ್ನು ನೋಡಿದ. ಏಣಿಯನ್ನು ಮರಕ್ಕೆ ಒರಗಿಸಿ ದೂರ ನಿಂತ. “ನಾನು ಹತ್ತುವುದಿಲ್ಲ ವಿಘ್ನೇಶಣ್ಣ.”

“ಇವಳ ಮಾತು ಕಟ್ಟಿಕೊಂಡು?”

“ಇಲ್ಲ. ನನಗೇ ಕಾಣ್ತದೆ.”

ಸದ್ದು ಕೇಳಿ ಕಾಲನಿಯ ಹೆಂಗಸರು ಬೇಲಿಯ ಹತ್ತಿರ ಬಂದಿದ್ದರು. ವಿಘ್ನೇಶನ ಕಿಸೆಯಲ್ಲಿ ಮೊಬೈಲು ಬಡಿದುಕೊಳ್ಳುತ್ತಿತ್ತು. ನರ್ಸರಿಯಲ್ಲಿ ಕಾದು ಕೂತ ಪಾರ್ಟಿಯವರು. ಅವನು ಫೋನಿನಲ್ಲಿ “ಈಗ ಬಂದೆ, ಈಗ” ಎಂದ. ಅಮ್ಮಣಿ ಅವನನ್ನೇ ನೋಡುತ್ತಿದ್ದಳು.

“ಇರುವೆಗೆ ಹೆದರುವುದಾ ವಿಘ್ನೇಶಣ್ಣ?” ಎಂದಳು.

ಆ ಮಾತು ಎಲ್ಲಿಂದ ಬಂದದ್ದು ಎಂದು ಅವನಿಗೆ ನೆನಪಾಯಿತೋ ಇಲ್ಲವೋ. ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪಾಯಿತು. ಚಪ್ಪಲಿ ಕಳಚಿ, ಲುಂಗಿ ಎತ್ತಿ ಕಟ್ಟಿ, ಪಿಕಪ್ಪಿನಿಂದ ಸೀಮೆಎಣ್ಣೆ ತಂದು ಕೈಕಾಲಿಗೆ ಬಳಿದುಕೊಂಡು ಏಣಿ ಹತ್ತಿದ. ಏಣಿಯ ಮೇಲಿಂದ ಗಿಡಕ್ಕೆ ಕೈ ಎಟುಕಲಿಲ್ಲ. ಕವಲಿನ ಮೇಲೆ ಕಾಲಿಟ್ಟು ಎದ್ದು ನಿಂತು, ಬೇರಿನ ಬುಡಕ್ಕೆ ಕತ್ತಿ ಹಾಕಿದ.

ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ ಮರವೇ ಅಲುಗಿದ ಹಾಗಾಯಿತು. ಎಲೆಗೂಡುಗಳಿಂದ ಚಗಳಿಗಳು ಉಕ್ಕಿ ಬಂದವು. ಮೇಲಿನ ಕೊಂಬೆಯಿಂದ ಅವನ ತಲೆಯ ಮೇಲೆ ಉದುರಿದವು. ಸೀಮೆಎಣ್ಣೆ ಇಲ್ಲದ ಬೆನ್ನು, ಕಂಕುಳು, ಕುತ್ತಿಗೆ, ಕಿವಿ. ವಿಘ್ನೇಶ ಕತ್ತಿ ಬಿಸಾಡಿ ಕೊಡವಿಕೊಂಡ, ಬೈದ, ಕೂಗಿದ. ಒಂದು ಕೈಯಲ್ಲಿ ಕೊಂಬೆ ತಬ್ಬಿಕೊಂಡು ಒಂದು ಕಾಲನ್ನು ಏಣಿಗಾಗಿ ಕೆಳಗೆ ಇಳಿಬಿಟ್ಟ.

ಏಣಿ ಅಲ್ಲಿ ಇರಲಿಲ್ಲ. ಅಮ್ಮಣಿ ಅದನ್ನು ಎಳೆದು ಅಂಗಳದಲ್ಲಿ ಅಡ್ಡ ಹಾಕಿ ಅದರ ಮೇಲೆ ಕೂತಿದ್ದಳು.

“ಅಮ್ಮಣೀ! ಏಣಿ! ಏಣಿ ಇಡು!”

“ಹೇಳು,” ಎಂದಳು ಅಮ್ಮಣಿ. “ಕಿಟ್ಟಣ್ಣನನ್ನು ಮರ ಹತ್ತಿಸಿದ್ದು ಯಾರು?”

“ಹುಚ್ಚು ಹಿಡಿದಿದೆಯಾ ನಿನಗೆ? ಇಡು ಮೊದಲು!”

“ಯಾರು?”

ವಿಜೇತ್ ಓಡಿ ಬಂದು ಏಣಿಗೆ ಕೈ ಹಾಕಿದ. “ಬೇಡ ಅಕ್ಕ, ಬಿದ್ದರೆ ಕಷ್ಟ ಉಂಟು.”

“ಅಲ್ಲಿ ಈಗ ನೀನು ಇರಬೇಕಿತ್ತು,” ಎಂದಳು ಅವಳು ಅವನ ಕಣ್ಣು ನೋಡಿ. ವಿಜೇತನ ಕೈ ಸಡಿಲಾಯಿತು. ಅವನು ಹಿಂದೆ ಸರಿದ.

ಮೇಲಿನಿಂದ ಅಳುವಿನಂಥ ದನಿ ಬಂತು. “ನಾನೇ! ನಾನೇ ಹತ್ತಿಸಿದ್ದು!”

“ಅವರು ಕುಡಿದಿದ್ದರಾ?”

“ಇಲ್ಲ! ಕುಡಿದಿರಲಿಲ್ಲ! ಬೇಡ ಎಂದು ಹೇಳಿದ ಅವ, ನಾನೇ ಒತ್ತಾಯ ಮಾಡಿದ್ದು!”

“ಜೋರಾಗಿ ಹೇಳು. ಬೇಲಿಯ ಆಚೆಯವರಿಗೆ ಕೇಳಲಿಲ್ಲ.”

ವಿಘ್ನೇಶ ಕಿರುಚಿದ. ಅದೇ ಮಾತನ್ನು ಇನ್ನೊಮ್ಮೆ, ಬೇಲಿಯ ಆಚೆ ನಿಂತವರು ಬಾಯಿಗೆ ಸೆರಗು ಹಿಡಿಯುವಷ್ಟು ಜೋರಾಗಿ. ಕಿಟ್ಟಣ್ಣನ ಮೇಲಿನ ಸುಳ್ಳು ಅಷ್ಟು ಹೊತ್ತಿನಲ್ಲಿ ಒಡೆಯಿತು.

“ಅಮ್ಮಣಿ,” ಎಂದು ಜಗಲಿಯಿಂದ ಕಿಟ್ಟಣ್ಣ ಕರೆದ. “ಆಯ್ತು. ಏಣಿ ಇಡು.”

ಅವಳಿಗೆ ಕೇಳಿತು. ಏಳಬೇಕೆಂದು ಮನಸ್ಸು ಹೇಳಿತು. ಆದರೆ ಅವಳು ಮೇಲೆ ನೋಡಿದಳು. ಇರುವೆ ಮುತ್ತಿದ ಆ ಮುಖ ಊದಿ ಗುರುತು ಸಿಗದ ಹಾಗಾಗಿತ್ತು. ಆಸ್ಪತ್ರೆಯ ವರಾಂಡದಲ್ಲಿ “ನಿಮ್ಮ ಒಳ್ಳೆಯದಕ್ಕೇ” ಎಂದು ಹೇಳಿದ ಮುಖ. ಇನ್ನೂ ಸ್ವಲ್ಪ, ಎಂದುಕೊಂಡಳು. ಇನ್ನೂ ಸ್ವಲ್ಪ.

“ಅಮ್ಮಣೀ!” ಕಿಟ್ಟಣ್ಣ ಎರಡನೆಯ ಸಲ ಕೂಗಿದ.

ಅವಳು ಏಳಲಿಲ್ಲ. ವಿಘ್ನೇಶ ಹಾರಿದ.

ಕೆಂಪುಕಲ್ಲಿನ ರಾಶಿಯ ಅಂಚಿಗೆ ಅವನ ಬಲಗಾಲು ತಾಗಿತು. ಹಿಮ್ಮಡಿ ಒಡೆದ ಸದ್ದು ಬೇಲಿಯವರೆಗೂ ಕೇಳಿತು. ವಿಜೇತ್ ಅವನನ್ನು ಎಳೆದು ಬಾವಿಯ ಹತ್ತಿರ ತಂದು ಕೊಡಗಟ್ಟಲೆ ನೀರು ಸುರಿದ. ಯಾರೋ ಫೋನು ಮಾಡಿದ್ದರಿಂದ ರಶ್ಮಿತಾ ಅಷ್ಟರಲ್ಲಿ ಆಟೋ ಬಿಟ್ಟುಕೊಂಡು ಬಂದಳು. ಅಂಗಳ ನೋಡಿದಳು, ಏಣಿಯ ಮೇಲೆ ಕೂತ ತಾಯಿಯನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

“ನನ್ನ ಕೈಯಿಂದಲೇ ಫೋಟೋ ಹಾಕಿಸಿದಿ,” ಎಂದಳು.

ಅಮ್ಮಣಿ ತಲೆ ತಗ್ಗಿಸಲಿಲ್ಲ. ರಶ್ಮಿತಾ ಮತ್ತು ವಿಜೇತ್ ಸೇರಿ ವಿಘ್ನೇಶನನ್ನು ಆಟೋಗೆ ಎತ್ತುವಾಗ ಅವಳು ಎದ್ದು ಬಂದು ಆಟೋದ ಮುಂದೆ ನಿಂತಳು. “ನಿನ್ನ ಗಾಡಿಯಲ್ಲಿ ಬೇಡ. ಅವನದೇ ಪಿಕಪ್ ಉಂಟಲ್ಲ.”

“ಅದನ್ನು ಓಡಿಸುವವರು ಯಾರು? ವಿಜೇತನಿಗೆ ಬರುವುದಿಲ್ಲ.”

“ಬಿದ್ದವನನ್ನು ಬಿಟ್ಟು ಹೋದವ ಅವ.”

“ಹೌದಮ್ಮ. ಅವ ಬಿಟ್ಟು ಹೋದ. ಅದಕ್ಕೇ ಅಲ್ಲವಾ ನಿನಗೆ ಇಷ್ಟು ಸಿಟ್ಟು? ಬದಿಗೆ ಸರಿ.”

ಅಮ್ಮಣಿ ಸರಿದಳು. ಆಟೋ ಕಾಸರಗೋಡಿನ ಕಡೆ ಹೋಯಿತು.

ಆ ದಿನ ಕಿಟ್ಟಣ್ಣ ಊಟ ಮಾಡಲಿಲ್ಲ. ಮರುದಿನ ಗಂಜಿ ಕುಡಿದ. ಅಮ್ಮಣಿ ಮೈ ಒರೆಸಿ ಮಗ್ಗುಲು ತಿರುಗಿಸುವಾಗ ಅವಳ ಮುಖ ನೋಡದೆ ಹೇಳಿದ:

“ನಾನು ಎರಡು ಸಲ ಕರೆದೆ.”

“ಕೇಳಿತು.”

“ಮತ್ತೆ? ಅವ ಹೇಳಬೇಕಾದ್ದು ಹೇಳಿ ಆಗಿತ್ತಲ್ಲ.”

“ನನಗೆ ಸಾಕಾಗಲಿಲ್ಲ.”

“ಬೀಳುವುದು ಹೇಗಿರ್ತದೆ ಎಂದು ನನಗೆ ಗೊತ್ತುಂಟು,” ಎಂದ ಕಿಟ್ಟಣ್ಣ. “ಅದನ್ನು ಯಾರಿಗೂ ಬಯಸಿದವನಲ್ಲ ನಾನು. ಅವನಿಗೂ.”

“ನೀವು ಬಯಸಲಿಲ್ಲ. ಅದಕ್ಕೇ ನಾನು ಬಯಸಿದ್ದು,” ಎಂದಳು ಅಮ್ಮಣಿ. ಬಟ್ಟೆ ಹಿಂಡಿ, ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು.

ಪೊಲೀಸರು ಬಂದರು. ವಿಘ್ನೇಶ ಕೊಟ್ಟ ದೂರಿನ ಮೇಲೆ ಅಮ್ಮಣಿಯ ವಿರುದ್ಧ ಕೇಸಾಯಿತು. ಅರಣ್ಯ ಇಲಾಖೆಯವರಿಗೂ ಸುದ್ದಿ ಮುಟ್ಟಿ, ಅವರು ನರ್ಸರಿಯ ಹಸಿರು ನೆಟ್ಟಿನ ಅಡಿಗೆ ಹೋಗಿ ನೋಡಿದರು. ಅವನ ಮೇಲೆ ಬೇರೆ ಕೇಸಾಯಿತು. ಊರಿನ ಮಾತು ಎರಡಾಗಿ ಒಡೆಯಿತು. ಕಿಟ್ಟಣ್ಣನ ಮಂಚದ ಹತ್ತಿರ ಬಂದು ಕೂತು “ನಮಗೆ ಗೊತ್ತಾಗಲಿಲ್ಲ ಮಾರಾಯ” ಎಂದವರುಂಟು. ಅಮ್ಮಣಿಯನ್ನು ಕಂಡರೆ ದಾರಿ ಬಿಟ್ಟು ನಡೆದವರೂ ಉಂಟು. ಏಣಿ ಎಳೆದವಳು ಎಂದು ಅವಳಿಗೆ ಹೆಸರು ಬಿತ್ತು.

ಕಾಸರಗೋಡಿನಲ್ಲಿ ಅಮ್ಮಣಿಯ ಪರ ನಿಂತವರು ಸೌದಾಮಿನಿ ಎಂಬ ವಕೀಲರು. ನೇರ ಮಾತಿನ ಹೆಂಗಸು. ಕೋರ್ಟಿಗೆ ಹೋಗುವ ಮೊದಲು ಅವರು ಅಮ್ಮಣಿಯನ್ನೂ ರಶ್ಮಿತಾಳನ್ನೂ ಕೂರಿಸಿಕೊಂಡು ಹೇಳಿದರು:

“ವಿಘ್ನೇಶನ ಕಡೆಯಿಂದ ರಾಜಿ ಮಾತು ಬಂದಿದೆ. ಕೇಸು ಹಿಂದೆ ತೆಗೆಯುತ್ತಾರೆ. ಆದರೆ ಮರದ ಮೇಲೆ ಹೇಳಿದ್ದು ನೋವಿಗೆ, ಹೆದರಿಕೆಗೆ ಹೇಳಿದ್ದು, ಅದು ನಿಜವಲ್ಲ ಎಂದು ನೀವೂ ಒಪ್ಪಿ ಸಹಿ ಹಾಕಬೇಕಂತೆ.”

“ಹಾಕುವುದಿಲ್ಲ.”

“ಪೂರ್ತಿ ಕೇಳಿ. ಇನ್ನೊಂದು ದಾರಿಯೂ ಉಂಟು. ನೀವು ಏಣಿ ತೆಗೆಯಲೇ ಇಲ್ಲ, ಅದು ಜಾರಿ ಬಿತ್ತು ಎಂದು ಹೇಳಬಹುದು. ಬೇಲಿಯ ಹತ್ತಿರ ಇದ್ದವರು ನಿಮ್ಮ ವಿರುದ್ಧ ಸಾಕ್ಷಿ ಹೇಳಲಿಕ್ಕಿಲ್ಲ. ಆ ವಿಜೇತನೂ ಹೇಳಲಿಕ್ಕಿಲ್ಲ. ಕೇಸು ನಿಲ್ಲುವುದಿಲ್ಲ.”

“ಏಣಿ ಜಾರಿ ಬಿತ್ತು ಎಂದರೆ, ಅವನು ಹೇಳಿದ ಮಾತು ಎಲ್ಲಿ ಹೋಗ್ತದೆ?”

“ಅದು ಕೋರ್ಟಿಗೆ ಬರುವುದೇ ಇಲ್ಲ.”

“ನಾನೇ ತೆಗೆದದ್ದು ಎಂದರೆ?”

ಸೌದಾಮಿನಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ತಪ್ಪು ಒಪ್ಪಿಕೊಂಡರೆ ಶಿಕ್ಷೆ ಹೇಳುವ ಮೊದಲು ನಿಮಗೆ ಎಂತಾದರೂ ಹೇಳಲಿಕ್ಕುಂಟಾ ಎಂದು ಕೇಳುತ್ತಾರೆ. ಆಗ ಹೇಳಬಹುದು. ಬರೆದುಕೊಳ್ಳುತ್ತಾರೆ. ಆದರೆ ಅಮ್ಮಣಿಯಕ್ಕ, ಆಗ ನೀವು ಅಪರಾಧಿ.”

“ಆಗ್ತೇನೆ,” ಎಂದಳು ಅಮ್ಮಣಿ.

ಹೊರಗೆ ಬಂದ ಮೇಲೆ ರಶ್ಮಿತಾ, “ನೀನು ಮಾಡಿದ್ದು ಸರ್ತ ಎಂದು ನಾನು ಯಾವತ್ತೂ ಹೇಳುವುದಿಲ್ಲ,” ಎಂದಳು. “ಆದರೆ ಆ ದಿನ ನಾನೂ ಬರ್ತೇನೆ.”

ಆ ದಿನ ಕೋರ್ಟಿನ ಹಾಲಿನಲ್ಲಿ ಫ್ಯಾನು ಕರಕರ ತಿರುಗುತ್ತಿತ್ತು. ವಿಘ್ನೇಶ ಊರುಗೋಲು ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ತಪ್ಪು ಒಪ್ಪುತ್ತೀರಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಅಮ್ಮಣಿ ಹೌದೆಂದಳು. ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಅವಳು ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಏಣಿ ತೆಗೆದದ್ದು ನಾನು. ಅದರ ಮೇಲೆ ಕೂತದ್ದೂ ನಾನು. ಗಂಡ ಇಡು ಎಂದರೂ ಇಡಲಿಲ್ಲ. ಈ ಮನುಷ್ಯ ನನ್ನ ಗಂಡನನ್ನು ಬೇಡ ಎಂದರೂ ಮರ ಹತ್ತಿಸಿದ. ಬಿದ್ದಾಗ ಬಿಟ್ಟು ಓಡಿದ. ಕುಡಿದಿದ್ದ ಎಂದು ಸುಳ್ಳು ಹೇಳಿದ. ಅವರು ಜೀವಮಾನದಲ್ಲಿ ಕುಡಿದವರಲ್ಲ. ಇದನ್ನು ಇವನೇ ಮರದ ಮೇಲಿಂದ ಎರಡು ಸಲ ಕೂಗಿ ಹೇಳಿದ್ದಾನೆ, ಊರು ಕೇಳಿದೆ. ಅಷ್ಟನ್ನೂ ಬರೆದುಕೊಳ್ಳಿ. ಶಿಕ್ಷೆ ಎಷ್ಟು ಬೇಕಾದರೂ ಕೊಡಿ.”

ಕೋರ್ಟಿನಲ್ಲಿ ಕನ್ನಡವೂ ಮಲಯಾಳವೂ ನಡೆಯುತ್ತದೆ. ಗುಮಾಸ್ತ ಎರಡು ಕಡೆ ತಡೆದು, ಮತ್ತೆ ಕೇಳಿ, ಎಲ್ಲವನ್ನೂ ಟೈಪು ಮಾಡಿದ. ಮ್ಯಾಜಿಸ್ಟ್ರೇಟರು ಸ್ವಲ್ಪ ಹೊತ್ತು ಕಾಗದ ನೋಡಿ, ಸಣ್ಣ ದಂಡವನ್ನೂ, ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಸಜೆಯನ್ನೂ ವಿಧಿಸಿದರು.

ಮಧ್ಯಾಹ್ನದ ಬಿಡುವಿನಲ್ಲಿ ಹಾಲು ಖಾಲಿಯಾಯಿತು. ವಿಘ್ನೇಶ ಊರುಗೋಲು ಕುಟ್ಟುತ್ತ ಅವಳ ಬೆಂಚಿನ ಹತ್ತಿರ ಬಂದ. ಕಿವಿಯ ಹಿಂದೆ ಹುಳಿ ಸುಟ್ಟ ಕಲೆ ಇನ್ನೂ ಇತ್ತು.

“ಈಗ ಸಮಾಧಾನವಾ ನಿನಗೆ?”

ಅಮ್ಮಣಿ ಅವನ ಕಾಲು ನೋಡಿದಳು, ಮುಖ ನೋಡಿದಳು. ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಯೋಚಿಸಿದವಳ ಹಾಗೆ ಸ್ವಲ್ಪ ತಡೆದಳು.

“ಅರ್ಧ,” ಎಂದಳು.

ಅವನು ಬಾಗಿಲಿನ ಕಡೆ ತಿರುಗಿದ. ಅಮ್ಮಣಿ ಸಂಜೆಯವರೆಗೂ ನೆಟ್ಟಗೆ ಕೂತಿದ್ದಳು. ರಶ್ಮಿತಾ ಚಹಾ ತಂದು ಕೊಟ್ಟಾಗ ಕುಡಿದಳು. ಕೋರ್ಟು ಎದ್ದ ಮೇಲೆ ಇಬ್ಬರೂ ಆಟೋದಲ್ಲಿ ಮನೆಗೆ ಬಂದರು.

ಕಿಟ್ಟಣ್ಣ ಜಗಲಿಯಲ್ಲಿ ದಾರಿ ನೋಡುತ್ತಿದ್ದ. ಅವಳು ಕಾಲು ತೊಳೆದು ಬಂದು ಮಂಚದ ಅಂಚಿನಲ್ಲಿ ಕೂತಳು.

“ಹೇಳಿದೆಯಾ?”

“ಹೇಳಿದೆ.”

“ಎಂತ ಹೇಳಿದೆ?”

ಅವಳು ಹೇಳಿದಳು. ಒಂದು ಮಾತೂ ಬಿಡದೆ, ಕಟಕಟೆಯಲ್ಲಿ ನಿಂತು ಹೇಳಿದ ಹಾಗೆಯೇ. ಗಂಡ ಇಡು ಎಂದರೂ ಇಡಲಿಲ್ಲ ಎಂಬಲ್ಲಿಗೆ ಬಂದಾಗ ಕಿಟ್ಟಣ್ಣ ಕಣ್ಣು ಮುಚ್ಚಿದ. ಅವರು ಜೀವಮಾನದಲ್ಲಿ ಕುಡಿದವರಲ್ಲ ಎಂಬಲ್ಲಿ ತೆರೆದ.

“ಅದನ್ನು ಬರೆದುಕೊಂಡರಾ?”

“ಮೆಷಿನಿನಲ್ಲಿ ಬಡಿದರು. ನಾನು ನೋಡಿದೆ.”

ಕಿಟ್ಟಣ್ಣ ಅವಳ ಕೈ ಹಿಡಿಯಲಿಲ್ಲ. ಜಗಲಿಯ ಮಾಡನ್ನು ನೋಡುತ್ತ ಮಲಗಿದ್ದ. ರಶ್ಮಿತಾ ಒಳಗೆ ಅನ್ನಕ್ಕೆ ಇಟ್ಟಳು; ಪಾತ್ರೆಯ ಸದ್ದು ಕೇಳಿಸಿತು.

“ಇನ್ನೊಮ್ಮೆ ಹೇಳು,” ಎಂದ ಅವನು. “ಸುರುವಿನಿಂದ.”